ಬಂದದ್ದು, ಹೊರಟದ್ದು

ಆ ಮನೆಯಲ್ಲಿ ಒಟ್ಟು ಐದು ಜನ, ಆರು ಗಡಿಯಾರ. ಹಜಾರದಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು, ಮೆಟ್ಟಿಲ ತಿರುವಿನಲ್ಲಿ ಒಂದು, ಎರಡು ಮಲಗುವ ಕೋಣೆಗಳಲ್ಲಿ ಒಂದೊಂದು, ಆರನೆಯದು ಮಾವನ ಎಡಗೈ ಮೇಲೆ. ಆರೂ ಒಂದೇ ಸಮಯ ತೋರಿಸಬೇಕು. ಒಂದು ಅರ್ಧ ನಿಮಿಷ ಹಿಂದೆ ಬಿದ್ದರೂ ಮಾವ ಸ್ಟೂಲು ಹತ್ತಿ, ಅದರ ಕಿವಿ ಹಿಂಡಿ ದಾರಿಗೆ ತಂದ ಮೇಲೇ ಚಹಾ ಕುಡಿಯುತ್ತಿದ್ದರು. ಮೂವತ್ತೊಂದು ವರ್ಷ ದೊಡ್ಡ ಬಸ್ ನಿಲ್ದಾಣದಲ್ಲಿ ಕಂಟ್ರೋಲರಾಗಿದ್ದವರು. ಡ್ರೈವರುಗಳೆಲ್ಲ ಸೇರಿ ಇಟ್ಟ ಹೆಸರು ಟೈಮಪ್ಪ. ನಿವೃತ್ತಿಯಾದ ಮೇಲೆ ನಿಲ್ದಾಣ ಹೋಯಿತು, ಮೈಕು ಹೋಯಿತು, ಹೆಸರು ಮಾತ್ರ ಉಳಿಯಿತು.

ಮನೆಯ ಐದನೆಯ ಜನ ಯಾವ ಗಡಿಯಾರಕ್ಕೂ ಸೊಪ್ಪು ಹಾಕುತ್ತಿರಲಿಲ್ಲ. ಅವಳಿಗೆ ಆಗ ಹತ್ತು ವಾರ. ಹುಟ್ಟಿದಾಗ ಅಂಗೈಯಲ್ಲಿ ಹಿಡಿಸುವಷ್ಟಿದ್ದಳೆಂದು ಬಟಾಣಿ ಎಂದು ಕರೆದಿದ್ದರು. ಈಗ ತೊಡೆಯಲ್ಲಿ ಎರಡೆರಡು ಮಡಿಕೆ ಬಿದ್ದಿದ್ದರೂ ಬಟಾಣಿಯೇ.

ಬಟಾಣಿಯ ಅಮ್ಮ, ಅಂದರೆ ಆ ಮನೆಯ ಸೊಸೆ, ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುವವಳು. ಫ್ರೇಮಿನ ಅಳತೆಗೆ ಗಾಜಿನ ಅಂಚು ಉಜ್ಜಿ ಕೂರಿಸುವ ಕೆಲಸ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಗಾಜು ಫ್ರೇಮಿನಿಂದ ಉದುರುತ್ತದೆ, ಕೂದಲೆಳೆಯಷ್ಟು ಕಡಿಮೆಯಾದರೆ ಒಳಗೇ ಹೋಗುವುದಿಲ್ಲ. ಉಜ್ಜುವ ಚಕ್ರದ ಮೇಲೆ ಸಣ್ಣಗೆ ನೀರು ಹರಿಯುತ್ತಿರುವಾಗ, ಗಾಜಿನ ಅಂಚು ಬೆರಳಿಗೆ ಹೇಳುವ ಮಾತನ್ನು ಕೇಳಿಸಿಕೊಳ್ಳುವುದೆಂದರೆ ಅವಳಿಗೆ ಜೀವ. ಅಂಗಡಿಯ ಯಜಮಾನಿ ಅವಳ ಸ್ಟೂಲನ್ನು ಹತ್ತು ವಾರ ಖಾಲಿ ಇಟ್ಟಿದ್ದಳು. ಇನ್ನು ಇಡಲಾರೆ ಎಂದು ಹೇಳಿ ಕಳಿಸಿದ್ದಳು.

ಆ ಸಂಜೆ ಊಟದ ಮೇಜಿನ ಸುತ್ತ ಮಾತು ಶುರುವಾಯಿತು.

"ಒಂದು ವರ್ಷ ಮನೇಲಿರು ಕಣೇ. ಗಾಜು ಎಲ್ಲಿಗೂ ಓಡಿ ಹೋಗಲ್ಲ," ಎಂದ ಗಂಡ. ಅವನು ಲಿಫ್ಟ್ ರಿಪೇರಿಯವನು. ಎಲ್ಲದಕ್ಕೂ ಸ್ವಲ್ಪ ತಡೆದು ನೋಡೋಣ ಎನ್ನುವ ಸ್ವಭಾವ.

"ಗಾಜು ಓಡಿ ಹೋಗಲ್ಲ. ನನ್ನ ಸ್ಟೂಲು ಓಡಿ ಹೋಗುತ್ತೆ."

"ಇವನು ಹುಟ್ಟಿ ಎರಡು ತಿಂಗಳಿಗೆ ನಾನು ಕ್ಯಾಂಟೀನಿಗೆ ಹೋದೆ," ಎಂದರು ಅತ್ತೆ. ಅವರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುನ್ನೂರು ಜನರಿಗೆ ಬೇಯಿಸುವವರು. ಮನೆಯಲ್ಲೂ ಮುನ್ನೂರು ಜನರಿಗೆ ಕೇಳಿಸುವಂತೆಯೇ ಮಾತಾಡುತ್ತಿದ್ದರು. "ಈರುಳ್ಳಿ ಬುಟ್ಟಿ ಪಕ್ಕದಲ್ಲೇ ಮಲಗಿಸಿದ್ದೆ. ಅದಕ್ಕೇ ನೋಡು, ಇವತ್ತಿಗೂ ಮಾತು ಮಾತಿಗೆ ಕಣ್ಣಲ್ಲಿ ನೀರು ಹಾಕ್ತಾನೆ."

"ಅಮ್ಮಾ, ಅದು ಧೂಳಿಗೆ."

"ಹೂಂ, ಧೂಳು. ಹೋಗಲಿ, ಈಗ ಹಗಲು ಹೊತ್ತು ಈ ಕೂಸನ್ನ ಯಾರು ನೋಡ್ಕೋತಾರೆ ಅದು ಹೇಳಿ."

ಆಗ ಮೇಜಿನ ತುದಿಯಲ್ಲಿ ಮಾವ ಗಂಟಲು ಸರಿಮಾಡಿಕೊಂಡರು.

"ನಾನಿದ್ದೀನಲ್ಲ."

ಖಾಲಿ ಕುರ್ಚಿ ಮಾತಾಡಿದಂತೆ ಮೂವರೂ ಅವರತ್ತ ತಿರುಗಿದರು.

"ನೀವಾ? ಹಾಲು ಉಕ್ಕಿದರೆ ಸ್ಟವ್ ಆರಿಸೋಕೂ ನನ್ನನ್ನೇ ಕೂಗ್ತೀರ," ಎಂದರು ಅತ್ತೆ.

"ದಿನಕ್ಕೆ ಮುನ್ನೂರು ಗಾಡಿ ನೋಡ್ಕೊಂಡವನು ಕಣೇ ನಾನು. ಒಂದು ಮಗು ನೋಡ್ಕೊಳ್ಳೋಕೆ ಆಗಲ್ವಾ?"

"ಗಾಡಿ ಉಚ್ಚೆ ಹೊಯ್ಯಲ್ಲ ಕಣ್ರೀ."

"ಎಣ್ಣೆ ಸೋರುತ್ತೆ. ಅದನ್ನೂ ಒರೆಸಿದ್ದೀನಿ."

ಸೊಸೆಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ತೀರ್ಮಾನವಾಗಿಹೋಯಿತು: ಒಂದು ತಿಂಗಳು ನೋಡುವುದು. ಮಗು ಹೊಂದಿಕೊಂಡರೆ ಸರಿ. ಹೊಂದಿಕೊಳ್ಳದಿದ್ದರೆ ಅವಳು ಸ್ಟೂಲಿನ ಆಸೆ ಬಿಟ್ಟು ಮನೆಯಲ್ಲಿರುವುದು. ಹೂಂ ಎನ್ನುವಾಗ ಅವಳ ಎದೆಯಲ್ಲಿ ಗಾಜಿನ ಚಕ್ಕೆಯಷ್ಟು ಏನೋ ಚುಚ್ಚಿತು. ಆದರೂ ಹೂಂ ಎಂದಳು.

"ಇನ್ನೇನೂ ಬೇಡ ಮಾವ. ಅವಳು ಮಲಗೋದು ಏಳೋದು ಮಾತ್ರ ಬರೆದಿಡಿ. ಸಂಜೆ ಬಂದು ನೋಡ್ತೀನಿ."

ಬರೆಯುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ಮಾವ ಎದ್ದು ಅಟ್ಟದ ಪೆಟ್ಟಿಗೆಯಿಂದ ಒಂದು ಉದ್ದನೆಯ ಪುಸ್ತಕ ತೆಗೆದು ಧೂಳು ಕೊಡವಿದರು. ನಿಲ್ದಾಣ ಬಿಡುವಾಗ ನೆನಪಿಗೆಂದು ತಂದುಕೊಂಡ ಖಾಲಿ ರಿಜಿಸ್ಟರು. ಪ್ರತಿ ಪುಟಕ್ಕೂ ಎರಡು ಕಾಲಮ್ಮು, ಮೇಲೆ ಅಚ್ಚಾದ ಎರಡು ಪದ: ಬಂದದ್ದು, ಹೊರಟದ್ದು.

ಮೊದಲ ದಿನ ಸೊಸೆ ಕೆಲಸದಿಂದ ಐದೂವರೆಗೆ ಓಡೋಡಿ ಬಂದಳು. ಅತ್ತೆ ಆಗಲೇ ಬಂದು ಮಗುವನ್ನು ಎತ್ತಿಕೊಂಡಿದ್ದರು. ಬಟಾಣಿ ಬೆಳ್ಳಂಬೆಳಗಿನ ಕಣ್ಣು ಬಿಟ್ಟುಕೊಂಡು, ಕೈಕಾಲು ಬಡಿಯುತ್ತ, ಅಮ್ಮನ ವಾಸನೆ ಹತ್ತಿದ್ದೇ ತಡ ಇಡೀ ಮೈಯಲ್ಲಿ ಕುಣಿಯಿತು. ಹಾಲು ಕೊಡುತ್ತಲೇ ಸೊಸೆ ರಿಜಿಸ್ಟರು ಬಿಡಿಸಿದಳು. ಮಾವನ ಅಕ್ಷರ ಅಚ್ಚಿನಂತಿತ್ತು.

ಬಂದದ್ದು 9-20, ಹೊರಟದ್ದು 9-45. ಬಂದದ್ದು 11-50, ಹೊರಟದ್ದು 12-30. ಬಂದದ್ದು 2-35, ಹೊರಟದ್ದು 3-10. ಕೊನೆಯಲ್ಲಿ, ಡೀಸೆಲ್ ಮೂರು ಸಲ.

ಡೀಸೆಲ್ ಎಂದರೆ ಹಾಲು ಎಂದು ಅರ್ಥವಾಗಿ ನಕ್ಕಳು. ಆಮೇಲೆ ನಿಮಿಷಗಳನ್ನು ಕೂಡಿಸಿ ನೋಡಿದಳು, ನಗು ನಿಂತಿತು. ನಿದ್ದೆ ಬಂದದ್ದು, ನಿದ್ದೆ ಹೊರಟದ್ದು. ಇಡೀ ಹಗಲಿಗೆ ಒಂದು ಗಂಟೆ ನಲವತ್ತು ನಿಮಿಷ!

"ಇಷ್ಟೇನಾ ಮಾವ?"

"ಅಷ್ಟೇ ತಾಯಿ. ಒಂದು ನಿಮಿಷ ಆಚೆ ಈಚೆ ಇಲ್ಲ," ಎಂದರು ಮಾವ ಹೆಮ್ಮೆಯಿಂದ. "ಗಾಡಿ ಚೆನ್ನಾಗಿ ಓಡ್ತು ಇವತ್ತು."

ಓಡದೇ ಇನ್ನೇನು, ಮಲಗಿದರೆ ತಾನೇ, ಎಂದುಕೊಂಡಳು ಸೊಸೆ. ಹಿರಿಯರ ಎದುರು ಮೊದಲ ದಿನವೇ ತಕರಾರು ಎತ್ತುವುದು ಚೆನ್ನಲ್ಲವೆಂದು ಸುಮ್ಮನಾದಳು. ಆ ಸಂಜೆ ಬಟಾಣಿ ಮಲಗಲಿಲ್ಲ. ಏಳಾಯಿತು, ಎಂಟಾಯಿತು, ಒಂಬತ್ತಾಯಿತು. ಗಂಡ ಹೆಗಲ ಮೇಲೆ ಹಾಕಿಕೊಂಡು ಹಜಾರದಲ್ಲಿ ಹೋಗಿ ಬಂದು ಮಾಡಿದ. ಅತ್ತೆ ತೊಡೆ ಮೇಲೆ ಹಾಕಿ ತಟ್ಟಿದರು. ಮಗು ಅಳಲೂ ಇಲ್ಲ. ತನ್ನನ್ನು ನೋಡಲು ಇಷ್ಟೊಂದು ಜನ ಸೇರಿದ್ದಾರಲ್ಲ ಎಂಬಂತೆ ಒಬ್ಬೊಬ್ಬರ ಮುಖವನ್ನೂ ಕಣ್ಣಲ್ಲಿ ಹಿಡಿದು, ಬಾಯಿ ದುಂಡಗೆ ಮಾಡಿ, ಊ, ಆ ಎಂದು ವಿಚಾರಿಸಿಕೊಂಡಿತು. ಸೊಸೆ ತಣ್ಣಗಾದ ಅನ್ನವನ್ನು ಒಂದೇ ಕೈಯಲ್ಲಿ ನುಂಗಿದಳು.

ಎರಡನೆಯ ದಿನ ಒಂದೂವರೆ ಗಂಟೆ. ಮೂರನೆಯ ದಿನ ಒಂದು ಗಂಟೆ ಮೂವತ್ತೈದು ನಿಮಿಷ.

"ಹಗಲು ನಿದ್ದೆ ಇಲ್ಲ, ಸಂಜೆ ನಿದ್ದೆ ಇಲ್ಲ. ಈ ಮಗು ಯಾವಾಗ ಮಲಗುತ್ತೆ ಅತ್ತೆ?"

"ಕಾರಣ ನನ್ನನ್ನ ಕೇಳು," ಎಂದು ಅತ್ತೆ ಸೌಟಿನಿಂದಲೇ ಮಾವನತ್ತ ತೋರಿಸಿದರು. "ಇವರ ಗಂಟಲು. ಮೂವತ್ತೊಂದು ವರ್ಷ ಮೈಕಲ್ಲಿ ಕೂಗಿದ ಗಂಟಲು. ಇವರು ಕೆಮ್ಮಿದರೆ ಕೆಳಗಿನ ಅಂಗಡೀಲಿ ಚಪ್ಪಲಿ ಬೀಳುತ್ತೆ. ಕೂಸು ಹೇಗೆ ಮಲಗಬೇಕು?"

ಅಂದಿನಿಂದ ಮಾವ ಪಿಸುಮಾತಿಗೆ ಇಳಿದರು. ರೇಡಿಯೋ ಅತ್ತೆಯ ಬೀರುವಿಗೆ ಹೋಯಿತು. ಮಾರನೆಯ ದಿನದ ಲೆಕ್ಕ ಒಂದು ಗಂಟೆ ಹದಿನೈದು ನಿಮಿಷ. ಗಂಡ ಕಿಟಕಿಗೆ ದಪ್ಪ ಪರದೆ ಕಟ್ಟಿದ, ಲಿಫ್ಟಿಗೆ ಹಾಕುವ ಎಣ್ಣೆಯನ್ನೇ ತಂದು ಎಲ್ಲ ಬಾಗಿಲುಗಳ ಕೀಲಿಗೂ ಬಿಟ್ಟ. ಲೆಕ್ಕ ಒಂದು ಗಂಟೆಗೆ ಇಳಿಯಿತು. ಕರೆಗಂಟೆಯ ತಂತಿ ಕಿತ್ತರು. ಮಾವ ಚಪ್ಪಲಿ ಬಿಟ್ಟು ಕಾಲುಚೀಲ ಹಾಕಿಕೊಂಡರು. ಐವತ್ತು ನಿಮಿಷ!

"ಏನು ಮಾಡಿದರೂ ಕಡಿಮೆನೇ ಆಗ್ತಾ ಇದೆಯಲ್ಲ!" ಎಂದು ಸೊಸೆ ತಲೆ ಹಿಡಿದು ಕೂತಳು.

"ನಾನೂ ಅದನ್ನೇ ನೋಡ್ತಾ ಇದ್ದೀನಿ," ಎಂದು ಪಿಸುಗುಟ್ಟಿದರು ಮಾವ. ಅವರ ಮುಖದಲ್ಲಿ ಒಂದು ಬಗೆಯ ಸಂತೋಷವಿತ್ತು. ಮುದುಕರಿಗೆ ಮಕ್ಕಳ ಕಷ್ಟ ತಿಳಿಯುವುದಿಲ್ಲ ಎಂದು ಅವಳು ಮೊದಲ ಸಲ ಮನಸ್ಸಿನಲ್ಲಿ ಅವರ ಮೇಲೆ ಸಿಟ್ಟು ಮಾಡಿಕೊಂಡಳು.

ಭಾನುವಾರ ಮಾತ್ರ, ಎಲ್ಲರೂ ಮನೆಯಲ್ಲಿದ್ದಾಗ, ಬಟಾಣಿ ಯಾರ ಮಡಿಲಿನಲ್ಲಿದ್ದರೆ ಅಲ್ಲೇ ಹಗಲೆಲ್ಲ ಕುತ್ತಿಗೆ ಚೆಲ್ಲಿ ಮಲಗುತ್ತಿತ್ತು. "ಪಾಪ, ವಾರವೆಲ್ಲ ನಿದ್ದೆಗೆಟ್ಟ ಸುಸ್ತು," ಎಂದು ಅತ್ತೆ ತೀರ್ಪು ಕೊಟ್ಟಿದ್ದರು.

ಮೂರನೆಯ ವಾರ ಸೊಸೆ ಮಗುವನ್ನು ದವಾಖಾನೆಗೆ ಕರೆದೊಯ್ದಳು. ಅಲ್ಲಿಯ ನರ್ಸು ವಯಸ್ಸಾದ ಹೆಂಗಸು. ಮಕ್ಕಳನ್ನು ತರಕಾರಿ ಆರಿಸುವವರಂತೆ ತಿರುವಿ ಮುರುವಿ ನೋಡುವವಳು. ತೂಕ ಹಾಕಿದಳು. ಕೈಯಲ್ಲಿ ಗಿಲಕಿ ಹಿಡಿದು ಆ ಕಡೆ ಈ ಕಡೆ ಆಡಿಸಿದಳು. ಬಟಾಣಿಯ ಕಣ್ಣು ಅದರ ಹಿಂದೆಯೇ ಹೋಯಿತು. ಬೋರಲು ಹಾಕಿದಳು, ಬಟಾಣಿ ಆಮೆಯಂತೆ ತಲೆ ಎತ್ತಿ, ನಡುಗುತ್ತ ನಡುಗುತ್ತ, ಎದುರಿನ ಗೋಡೆಯನ್ನು ಗದರಿಸುವಂತೆ ನೋಡಿತು.

"ಕತ್ತು ನಿಂತಿದೆ. ತೂಕ ಭೇಷಾಗಿದೆ. ಇನ್ನೇನು ಚಿಂತೆ?"

ರಿಜಿಸ್ಟರಿನಿಂದ ಹಗಲು ನಿದ್ದೆಯ ಲೆಕ್ಕವನ್ನು ಇಳಿಸಿಕೊಂಡು ತಂದಿದ್ದ ಚೀಟಿಯನ್ನು ಸೊಸೆ ಕೊಟ್ಟಳು. ನರ್ಸು ಕನ್ನಡಕ ಮೂಗಿನ ತುದಿಗೆ ಜಾರಿಸಿ ಎರಡು ಸಲ ಓದಿದಳು.

"ಹಗಲಿಗೆ ಐವತ್ತು ನಿಮಿಷ? ಇಷ್ಟು ಕಡಿಮೆ ಮಲಗೋ ಮಗು ಇಷ್ಟು ದುಂಡಗೆ ಇರೋದನ್ನ ನಾನು ಇವತ್ತೇ ನೋಡ್ತಿರೋದು. ಬರೆದೋರು ಯಾರು?"

"ನಮ್ಮ ಮಾವ. ಅವರ ಬರಹದಲ್ಲಿ ತಪ್ಪಾಗಲ್ಲ ಮೇಡಂ."

"ಹಾಗಿದ್ದರೆ ಇನ್ನೊಂದು ವಾರ ನೋಡೋಣ. ಆಮೇಲೂ ಹೀಗೇ ಇದ್ದರೆ ದೊಡ್ಡ ಡಾಕ್ಟರಿಗೆ ತೋರಿಸೋಣ. ಅಲ್ಲಿ ತನಕ ನೀನು ಹತ್ತಿರ ಇದ್ದರೆ ಒಳ್ಳೇದು ಕಣಮ್ಮ."

ಆ ಕೊನೆಯ ಮಾತು ಅವಳ ಹಿಂದೆಯೇ ಅಂಗಡಿಗೆ ಬಂತು. ಮರುದಿನ ಕಣ್ಣು ಮಂಜಾಗಿ, ಉಜ್ಜುವ ಚಕ್ರಕ್ಕೆ ಹಿಡಿದ ಗಾಜಿನ ಅಂಚಿನಿಂದ ಚಕ್ಕೆ ಎದ್ದಿತು. ಆ ವಾರದಲ್ಲಿ ಅದು ಮೂರನೆಯದು. ಯಜಮಾನಿ ಒಡೆದ ಗಾಜನ್ನು ಬೆಳಕಿಗೆ ಹಿಡಿದು ನೋಡಿ, ಬೈಯದೆ ಕೆಳಗಿಟ್ಟಳು. ಬೈದಿದ್ದರೆ ಎಷ್ಟೋ ಮೇಲಿತ್ತು.

"ನಿನ್ನ ಕೈ ಮೇಲೆ ನನಗೆ ಅನುಮಾನ ಇಲ್ಲ. ನಿನ್ನ ಕಣ್ಣು ಮಾತ್ರ ಮನೇಲೇ ಬಿಟ್ಟು ಬಂದಿದ್ದೀಯ. ಸೋಮವಾರ ಒಂದು ಮಾತು ಹೇಳು. ಇರ್ತೀನಿ ಅಂದರೆ ಇರು, ಬಿಡ್ತೀನಿ ಅಂದರೆ ಬೇರೆಯವರನ್ನ ನೋಡ್ಕೋತೀನಿ."

ಆ ರಾತ್ರಿಯ ಊಟಕ್ಕೆ ಆಲೂಗಡ್ಡೆ, ಮೊಟ್ಟೆ, ಬಿಸಿ ಅನ್ನ. ಬಟಾಣಿ ಅಪ್ಪನ ತೊಡೆಯ ಮೇಲೆ ಕೂತು ದೀಪ ನೋಡುತ್ತಿತ್ತು.

"ನಾನು ಕೆಲಸ ಬಿಡ್ತೀನಿ," ಎಂದಳು ಸೊಸೆ. ಅನ್ನದ ಕಡೆಗೆ ಹೇಳಿದಳು, ಯಾರ ಕಡೆಗೂ ಅಲ್ಲ.

ಮಾವ ಚಮಚ ಕೆಳಗಿಟ್ಟರು. "ನನ್ನ ಡ್ಯೂಟೀಲಿ ಏನು ತಪ್ಪಾಯ್ತಮ್ಮ?"

"ನಿಮ್ಮ ತಪ್ಪಲ್ಲ ಮಾವ. ಮಗು ಮಲಗ್ತಾ ಇಲ್ಲ."

"ಇನ್ನೆಷ್ಟು ಅಂತ ಮಲಗಬೇಕಮ್ಮ ಅದು?"

"ನೋಡಿದ್ಯಾ!" ಎಂದು ಅತ್ತೆ ಸಿಡಿದರು. "ಕೂಸಿನ ನಿದ್ದೆಗೂ ಕೈ ಹಿಡಿತ ಇವರದು! ಇವರಿಗೆ ಸಾಕಾಗಿದೆ, ಅದಕ್ಕೇ ಹೀಗಂತಾರೆ."

"ನನಗೆಲ್ಲೇ ಸಾಕಾಗಿದೆ? ಮೂರು ವಾರದಿಂದ ಕಾಲುಚೀಲದಲ್ಲಿ ಓಡಾಡ್ತಿದ್ದೀನಿ. ಕೆಮ್ಮೋಕೆ ಬಚ್ಚಲಿಗೆ ಹೋಗ್ತೀನಿ!"

"ಅಪ್ಪ, ಮೆಲ್ಲಗೆ," ಎಂದ ಗಂಡ.

"ಮೆಲ್ಲಗೇ ಮಾತಾಡ್ತಾ ಇದ್ದೀನಿ!" ಎಂದು ಮಾವ ಕೂಗಿದರು. ಮೂರು ವಾರ ಅದುಮಿಟ್ಟಿದ್ದ ಮೈಕಿನ ಗಂಟಲು ಗೋಡೆಗೆ ಬಡಿದು ವಾಪಸು ಬಂತು. ಬಟಾಣಿ ಬೆಚ್ಚಿ ಅಜ್ಜನನ್ನು ನೋಡಿತು, ತುಟಿ ಅರಳಿಸಿತು, ಕೀ ಎಂದು ಕಿರುಚಿ ಎರಡೂ ಕಾಲು ಝಾಡಿಸಿತು. ಅದಕ್ಕೆ ಬಲು ಖುಷಿಯಾಗಿತ್ತು. ಆದರೆ ಆ ಹೊತ್ತಿನಲ್ಲಿ ಮಗುವಿನ ಖುಷಿ ಯಾರಿಗೂ ಬೇಕಿರಲಿಲ್ಲ. ಮಾವ ಅರ್ಧ ಊಟಕ್ಕೇ ಎದ್ದರು.

ಶುಕ್ರವಾರ ಹತ್ತೂವರೆಗೆ ಅಂಗಡಿಯಿದ್ದ ಬೀದಿಯ ಕರೆಂಟು ಹೋಯಿತು. ಚಕ್ರ ನಿಂತಿತು, ನೀರು ನಿಂತಿತು. ಸಂಜೆಯ ತನಕ ಬರುವುದಿಲ್ಲವೆಂದು ತಿಳಿದ ಮೇಲೆ ಯಜಮಾನಿ ಅವಳನ್ನು ಮನೆಗೆ ಕಳಿಸಿದಳು. ಎಣ್ಣೆ ಉಂಡ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ಒಳಗೆ ಏಳು ಕಡಲಾಚೆಯ ಗುಹೆಯಂಥ ಕತ್ತಲು, ತಂಪು. ಪರದೆಯ ಸಂದಿಯಿಂದ ಒಂದೇ ಒಂದು ಬೆಳಕಿನ ಗೆರೆ. ಆ ಗೆರೆಯ ತುದಿಯಲ್ಲಿ ಮಾವ ನೆಟ್ಟಗೆ ಕೂತಿದ್ದರು. ಕಿವಿಯಲ್ಲಿ ಪೆನ್ಸಿಲು, ಮಡಿಲಲ್ಲಿ ರಿಜಿಸ್ಟರು. ಪಕ್ಕದ ಹಾಸಿಗೆಯಲ್ಲಿ ಬಟಾಣಿ ಎರಡೂ ಕೈ ತಲೆಯ ಮೇಲೆ ಚೆಲ್ಲಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಯಲ್ಲಿತ್ತು.

ಸೊಸೆಯ ಕಣ್ಣಲ್ಲಿ ನೀರು ಬಂತು. "ಅಂತೂ ಮಲಗಿದಳಾ?" ಎಂದು ಉಸಿರಿನಲ್ಲೇ ಕೇಳಿದಳು.

"ಇದೇನಮ್ಮ ಇಷ್ಟು ಬೇಗ? ಹೂಂ, ಮಲಗಿದ್ದಾಳೆ."

"ಯಾವಾಗ?"

ಮಾವ ಪುಸ್ತಕವನ್ನು ಬೆಳಕಿನ ಗೆರೆಗೆ ಹಿಡಿದರು. ಕೊನೆಯ ಸಾಲು: ಬಂದದ್ದು 9-25, ಹೊರಟದ್ದು 9-40.

"ಇದು ಒಂಬತ್ತು ನಲವತ್ತರದ್ದಲ್ವಾ ಮಾವ. ಈಗಿನದ್ದು ಬರೆಯೋಕೆ ಮರೆತ್ರಾ?"

"ಮರೆಯೋದಾ? ನಾನಾ?" ಮಾವನಿಗೆ ಅವಮಾನವಾಯಿತು. "ಬರೆದಿದೆಯಲ್ಲ ತಾಯಿ. ಒಂಬತ್ತು ನಲವತ್ತಕ್ಕೆ ಹೊರಟಿತು."

"ಏನು ಹೊರಟಿತು?"

"ಮಗು."

"ಎಲ್ಲಿಗೆ?"

"ನಿದ್ದೆಗೆ!"

ಸೊಸೆ ಪುಸ್ತಕ ನೋಡಿದಳು, ಮಗು ನೋಡಿದಳು, ಮತ್ತೆ ಪುಸ್ತಕ ನೋಡಿದಳು. "ಹಾಗಾದರೆ ಬಂದದ್ದು ಅಂದರೆ?"

"ನಿದ್ದೆಯಿಂದ ಬಂದದ್ದು. ಕಣ್ಣು ಬಿಟ್ಟರೆ ಗಾಡಿ ಸ್ಟ್ಯಾಂಡಿಗೆ ಬಂತು ಅಂತ. ಡೀಸೆಲ್ ಹಾಕ್ತೀನಿ, ಬಟ್ಟೆ ಬದಲಾಯಿಸ್ತೀನಿ, ಯಾವೂರಿಗೆ ಹೋಗಿದ್ದೆ ಕಂದ ಅಂತ ಎರಡು ಮಾತು ಕೇಳ್ತೀನಿ. ಮತ್ತೆ ಹೊರಡುತ್ತೆ. ನೀವೆಲ್ಲ ಮಲಗಬೇಕು ಮಲಗಬೇಕು ಅಂತೀರಲ್ಲ, ಅದಕ್ಕೇ ಸ್ಟ್ಯಾಂಡಲ್ಲಿ ನಿಲ್ಲೋದನ್ನ ದಿನಾ ಕಡಿಮೆ ಮಾಡ್ತಾ ಬಂದೆ. ನೂರು ನಿಮಿಷದಿಂದ ಐವತ್ತಕ್ಕೆ ಇಳಿಸಿದ್ದೀನಿ. ಆದರೂ ಸಾಲದು ಅಂತೀಯ. ಇನ್ನೆಷ್ಟು ಓಡಿಸಲಮ್ಮ ಅದನ್ನ?"

"ಅಯ್ಯೋ ಮಾವ, ನಾನು ನಿದ್ದೆ ಬಂದದ್ದು ಅಂತ ಓದಿದೆ!"

"ನಿದ್ದೆ ಬಂದದ್ದಾ?"

"ಎಲ್ಲರೂ ಹಾಗೇ ಅಲ್ವಾ ಅನ್ನೋದು, ನಿದ್ದೆ ಬಂತು ಅಂತ?"

ಮಾವ ಪುಟದ ಮೇಲೆ ಅಚ್ಚಾಗಿದ್ದ ಪದಗಳನ್ನು ಇನ್ನೊಮ್ಮೆ ಓದಿದರು. ನಿದ್ದೆ ಬಂತು. ಹೌದಲ್ಲ. ಅರವತ್ತಾರು ವರ್ಷದಿಂದ ಅವರೂ ಹಾಗೆಯೇ ಅನ್ನುತ್ತ ಬಂದಿದ್ದರು. ಸೊಸೆಯ ಹೊಟ್ಟೆಯ ಆಳದಿಂದ ಏನೋ ಗುಳುಗುಳು ಏರಿತು. ಬಾಯಿಗೆ ಸೆರಗು ಒತ್ತಿಕೊಂಡಳು, ತಡೆಯಲಾಗಲಿಲ್ಲ. ಗೋಡೆಗೆ ಒರಗಿ, ಜಾರಿ, ನೆಲಕ್ಕೆ ಕೂತು ನಕ್ಕಳು. ಮೂರು ವಾರ ಒಂದು ಹೂವಿನಂಥ ಮಗುವನ್ನು ಹಗಲೆಲ್ಲ ಕತ್ತಲಲ್ಲಿ ಮಲಗಿಸಿ, ಸಂಜೆ ಆದ ಮೇಲೆ ಯಾಕೆ ಮಲಗುವುದಿಲ್ಲ ಎಂದು ಮನೆಮಂದಿಯೆಲ್ಲ ಸೇರಿ ತಲೆ ಕೆಡಿಸಿಕೊಂಡಿದ್ದರು!

ಬಟಾಣಿ ಕಣ್ಣು ಬಿಟ್ಟಿತು.

ಮಾವನ ಕೈ ತಾನಾಗಿ ಕಿವಿಯ ಪೆನ್ಸಿಲಿಗೆ ಹೋಯಿತು. "ಹನ್ನೊಂದು ಇಪ್ಪತ್ತು. ಬಂತು," ಎಂದರು.

ಅದಕ್ಕೆ ಸೊಸೆ ಇನ್ನೊಂದು ಸಲ ನಕ್ಕು ನಕ್ಕು ಮಗುವಿನ ಹಾಸಿಗೆಯ ಮೇಲೇ ಬಿದ್ದಳು.

ಸಂಜೆ ವಿಷಯ ತಿಳಿದ ಗಂಡ ಕೆಳಗಿನ ಚಪ್ಪಲಿ ಅಂಗಡಿಯವನಿಗೂ ಹೇಳಿ ನಗಿಸಿ ಬಂದ. ಅತ್ತೆ ಮಾತ್ರ ನಗಲಿಲ್ಲ; "ಮುನ್ನೂರು ಗಾಡಿ ನೋಡ್ಕೊಂಡವರು!" ಎಂದು ಶುರು ಮಾಡಿದರು. ಮಾವ ಉತ್ತರ ಕೊಡದೆ ರಿಜಿಸ್ಟರನ್ನು ಮಡಚಿ, ದಾರ ಸುತ್ತಿ, ಅಟ್ಟದ ಪೆಟ್ಟಿಗೆಗೆ ಹಾಕಲು ಸ್ಟೂಲು ಹತ್ತಿದರು. ಹೆಂಡತಿ ಬೈದರೆ ಅವರು ತಿರುಗಿ ಬೈಯುವವರು. ಸುಮ್ಮನಿದ್ದಾರೆಂದರೆ ಗಾಯ ಆಳದ್ದು ಎಂದು ಸೊಸೆಗೆ ತಿಳಿಯಿತು.

"ಅತ್ತೆ, ಪೂರ್ತಿ ಒಂದು ಸಾಲು ಬರೀರಿ ಅಂತ ಹೇಳದೆ ಇದ್ದದ್ದು ನಾನು. ಓದಿದ್ದು ನಾನು. ಅರ್ಥ ಆಗದೆ ಇದ್ದರೂ ಬಾಯಿ ಬಿಟ್ಟು ಕೇಳದೆ ಇದ್ದದ್ದೂ ನಾನೇ. ಬೈಯೋದಿದ್ದರೆ ನನ್ನನ್ನ ಬೈರಿ." ಸ್ಟೂಲಿನ ಕಾಲು ಹಿಡಿದುಕೊಂಡು ಮೇಲೆ ನೋಡಿದಳು. "ಮಾವ, ಮಗು ಮೂರು ವಾರದಲ್ಲಿ ಒಂದು ಸಲಾನೂ ಹಸಿದು ಅತ್ತಿಲ್ಲ. ಒಂದು ಸಲಾನೂ ಒದ್ದೆ ಬಟ್ಟೇಲಿ ಮಲಗಿಲ್ಲ. ನರ್ಸು ದುಂಡಗಿದ್ದಾಳೆ ಅಂದಳು. ಅದು ಯಾರ ಡ್ಯೂಟಿ?"

ಮಾವ ಮೇಲೇ ನಿಂತಿದ್ದರು. "ಮೂವತ್ತೊಂದು ವರ್ಷ ಬರೆದೆ. ಒಬ್ಬರೂ ತಪ್ಪು ಓದಿರಲಿಲ್ಲ."

"ಅವರೆಲ್ಲ ಬಸ್ಸು ಕಾಯ್ತಿದ್ದರು ಮಾವ. ನಾನು ನಿದ್ದೆ ಕಾಯ್ತಿದ್ದೆ."

ಅವರ ಮೀಸೆ ಸ್ವಲ್ಪ ಅಲುಗಿತು. "ಈಗ ಏನು ಮಾಡಬೇಕು ಅಂತೀಯ?"

"ರೂಟು ಬದಲಾಯಿಸಬೇಕು. ಹಗಲು ಗಾಡಿ ಸ್ಟ್ಯಾಂಡಲ್ಲಿ ಜಾಸ್ತಿ ನಿಲ್ಲಲಿ. ಬೆಳಕಲ್ಲಿ, ಗದ್ದಲದಲ್ಲಿ. ಮಧ್ಯೆ ಎರಡೋ ಮೂರೋ ಸಲ ಹೋಗಿ ಬರಲಿ, ಸಾಕು. ಸಂಜೆ ಏಳಕ್ಕೆ ಉದ್ದದ ಟ್ರಿಪ್ಪು."

"ಒಂದೇ ದಿನಕ್ಕೆ ಆಗಲ್ಲ ಅದು," ಎಂದರು ಮಾವ ಇಳಿಯುತ್ತ. ಧ್ವನಿಯಲ್ಲಿ ಕಂಟ್ರೋಲರು ಎದ್ದು ಕೂತಿದ್ದ. "ದಿನಕ್ಕೆ ಹದಿನೈದು ಹದಿನೈದು ನಿಮಿಷ ಸರಿಸಬೇಕು. ಎರಡು ವಾರ ಕೊಡು." ಆಮೇಲೆ ಹೆಂಡತಿಯ ಕಡೆ ತಿರುಗಿ, "ಮೊದಲು ನನ್ನ ರೇಡಿಯೋ ಕೊಡೇ."

ಸೋಮವಾರ ಸೊಸೆ ಯಜಮಾನಿಯ ಎದುರು ನಿಂತು, "ಇರ್ತೀನಿ. ಎರಡು ವಾರ ನನ್ನ ಕಣ್ಣಿಗೆ ರಿಯಾಯಿತಿ ಕೊಡಿ," ಎಂದಳು. ಯಜಮಾನಿ ಅವಳಿಗೆ ಸಣ್ಣ ನಂಬರಿನ, ಅಗ್ಗದ ಗಾಜುಗಳನ್ನಷ್ಟೇ ಕೊಟ್ಟು, ದಪ್ಪ ಗಾಜುಗಳನ್ನು ತಾನೇ ಇಟ್ಟುಕೊಂಡಳು.

ಮನೆಯಲ್ಲಿ ಕಿಟಕಿಯ ಪರದೆ ಬಿಚ್ಚಿದರು, ಕಿತ್ತಿದ್ದ ಕರೆಗಂಟೆಯ ತಂತಿಯನ್ನು ಮತ್ತೆ ಸೇರಿಸಿದರು. ಬೆಳಿಗ್ಗೆ ಸೊಸೆ ಹೊರಡುವ ಹೊತ್ತಿಗೆ ಮಾವ ಬಟಾಣಿಯನ್ನು ಕಿಟಕಿಯ ಬಳಿ ಚಾಪೆಯ ಮೇಲೆ ಹಾಕಿ, ಗಂಟಲು ಸರಿಮಾಡಿಕೊಂಡು, "ಪ್ರಯಾಣಿಕರ ಗಮನಕ್ಕೆ!" ಎಂದು ಎತ್ತಿದ ದನಿಯಲ್ಲಿ ಶುರು ಮಾಡುತ್ತಿದ್ದರು. "ಎಡಗಾಲು ಮೇಲಕ್ಕೆ ಹೊರಡಲು ಸಿದ್ಧವಾಗಿದೆ! ಬಲಗೈ ಬಾಯಿಗೆ ಬಂದು ತಲುಪಿದೆ!" ಬಟಾಣಿ ಆ ದನಿಗೆ ಮೈಯೆಲ್ಲ ಕಿವಿಯಾಗುತ್ತಿತ್ತು. ಮೊದಲ ನಾಲ್ಕು ದಿನ ಹಗಲಿನಲ್ಲಿ ರೆಪ್ಪೆ ಜಾರಿಸಿ ಅಳುತ್ತಿತ್ತು, ಸಂಜೆ ಗೂಬೆಯಂತೆ ನೋಡುತ್ತಿತ್ತು. ಐದನೆಯ ದಿನ ಎಂಟೂವರೆಗೆ ಮಲಗಿತು. ಹತ್ತನೆಯ ದಿನ ಅಜ್ಜನ ಘೋಷಣೆಗೆ ಗಟ್ಟಿಯಾಗಿ, ಉರುಳಿದ ಗೋಲಿಗಳಂತೆ, ನಕ್ಕಿತು. ಅತ್ತೆ ಆ ನಗುವನ್ನು ಮತ್ತೆ ಕೇಳಲು ಕ್ಯಾಂಟೀನಿಗೆ ಹತ್ತು ನಿಮಿಷ ತಡವಾಗಿ ಹೋದರು. ಇಷ್ಟು ವರ್ಷದಲ್ಲಿ ಅದೇ ಮೊದಲಂತೆ.

ಹಾಗೆ, ನೋಡೋಣ ಎಂದಿದ್ದ ತಿಂಗಳು ತುಂಬಿ ಮೇಲೆ ಹನ್ನೆರಡು ದಿನವಾದ ಒಂದು ಮಧ್ಯಾಹ್ನ ಅಂಗಡಿಯ ಫೋನು ಬಡಿದುಕೊಂಡಿತು. ಫೋನನ್ನು ಎತ್ತಿದ ಯಜಮಾನಿ ಅದನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿಯಬೇಕಾಯಿತು. ಹಿಂದಿನ ಕೋಣೆಗೂ ಕೇಳಿಸಿತು: "ಬೋರಲಾಯ್ತು! ತಾನೇ ತಾನಾಗಿ! ಒಂದು ಗಂಟೆ ನಲವತ್ತೆರಡು ನಿಮಿಷಕ್ಕೆ!"

ಸೊಸೆಯ ಕೈಯಲ್ಲಿ ಒಂದು ಗಾಜಿತ್ತು. ದಪ್ಪ ಗಾಜು. ಹೊರಗೆ ಬೆಂಚಿನ ಮೇಲೆ ಒಬ್ಬ ವಯಸ್ಸಾದ ದರ್ಜಿ ಹೆಂಗಸು, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಲಾಗದೆ ಎರಡು ದಿನ ಕೆಲಸ ಕೆಟ್ಟವಳು, ಕಾಯುತ್ತಿದ್ದಳು. ಯಜಮಾನಿಗೆ ಅಂದು ಮಣಿಕಟ್ಟು ಉಳುಕಿದ್ದರಿಂದ ಆ ಗಾಜು ಸೊಸೆಯ ಪಾಲಿಗೆ ಬಂದಿತ್ತು.

"ಹೋಗು, ಹೋಗಿ ನೋಡು," ಎಂದಳು ಯಜಮಾನಿ. "ಮೊದಲ ಸಲ ಅನ್ನೋದು ಒಂದೇ ಸಲ ಕಣೇ. ಇವರಿಗೆ ನಾನು ನಾಳೆ ಬನ್ನಿ ಅಂತೀನಿ."

ಅವಳ ಕಾಲು ಎದ್ದೇ ಬಿಟ್ಟಿತ್ತು. ಬಾಗಿಲ ಆಚೆ ಆ ಹೆಂಗಸು ತನ್ನ ಬೆರಳುಗಳನ್ನು ಕಣ್ಣಿನ ಹತ್ತಿರ ತಂದು, ಸೂಜಿ ಚುಚ್ಚಿದ ಗುರುತು ಹುಡುಕುತ್ತಿದ್ದಳು. ಸೊಸೆ ಮತ್ತೆ ಕೂತಳು.

"ಮಾವನಿಗೆ ಹೇಳಿ, ಐದೂವರೆಗೆ ಬರ್ತೀನಿ ಅಂತ."

ಚಕ್ರ ತಿರುಗಿತು, ನೀರು ಇಳಿಯಿತು. ಅಂಚು ಬೆರಳಿನೊಡನೆ ಮಾತಾಡಿತು. ಕೊನೆಗೆ ಫ್ರೇಮಿನೊಳಗೆ ಗಾಜು ಟಕ್ ಎಂದು ಕೂತಾಗ, ಆ ಸದ್ದಿಗೆ ಯಜಮಾನಿ ಹೊರಗಿನಿಂದಲೇ ತಲೆಯಾಡಿಸಿದಳು. "ನಾಳೆಯಿಂದ ದಪ್ಪ ಗಾಜೆಲ್ಲ ನಿನ್ನ ಮೇಜಿಗೇ ಬರುತ್ತೆ," ಎಂದಳು.

ಆದರೆ ಅಂದು ಬಸ್ಸು ಕೆಟ್ಟು ನಿಂತಿತು. ಸೊಸೆ ಮನೆ ಮುಟ್ಟುವ ಹೊತ್ತಿಗೆ ಏಳೂ ಹತ್ತು. ಬಾಗಿಲಲ್ಲೇ ಮೂವರೂ ತಪ್ಪು ಮಾಡಿದವರಂತೆ ನಿಂತಿದ್ದರು.

"ಈಗ ಹತ್ತು ನಿಮಿಷ ಆಯ್ತು ಮಲಗಿ," ಎಂದ ಗಂಡ.

"ಎಬ್ಬಿಸೋಣ ಬಿಡು," ಎಂದರು ಅತ್ತೆ. "ತಾಯಿಗಿಂತ ನಿದ್ದೆ ದೊಡ್ಡದಾ? ಕಾಲಿಗೆ ಸ್ವಲ್ಪ ಕಚಗುಳಿ ಇಟ್ಟರೆ ಏಳುತ್ತೆ."

"ಎಬ್ಬಿಸೋದಾ!" ಮಾವ ಕೋಣೆಯ ಬಾಗಿಲಿಗೆ ಅಡ್ಡ ನಿಂತರು. "ಹೊರಟ ಗಾಡಿ ವಾಪಸು ಕರೆಯೋದು ನನ್ನ ಡ್ಯೂಟೀಲಿ ಇಲ್ಲ."

"ಅವಳು ಹೆತ್ತವಳು ಕಣ್ರೀ!"

"ಯಾರೂ ಎಬ್ಬಿಸಬೇಡಿ," ಎಂದಳು ಸೊಸೆ. ಕೋಣೆಯ ಬಾಗಿಲನ್ನೊಮ್ಮೆ ನೋಡಿ, ಮೇಜಿಗೆ ಹೋಗಿ ಕೂತಳು. "ಹಸಿವಾಗಿದೆ. ಊಟ ಬಡಿಸಿ ಅತ್ತೆ."

ಹಬೆಯಾಡುವ ಅನ್ನವನ್ನು ಎರಡೂ ಕೈ ಬಿಡುವಾಗಿ ಅವಳು ಉಣ್ಣುತ್ತಿರುವಾಗ, ಮೂವರೂ ಮೇಜಿನ ಸುತ್ತ ಕೂತು ಮಗು ಹೇಗೆ ಹೊರಳಿತೆಂದು ಹೇಳಲು ಹೊರಟರು. ಕಣ್ಣಾರೆ ಕಂಡವರು ಮಾವ ಒಬ್ಬರೇ. ಆದರೂ ಅತ್ತೆ ಮೊದಲು ಸೊಂಟ ಹೊರಳಿತು ಎಂದರು, ಗಂಡ ಭುಜ ಎಂದ. ಕೊನೆಗೆ ಮಾವನೇ ಚಾಪೆಯ ಮೇಲೆ ಅಂಗಾತ ಮಲಗಿ, ಹೀಗೆ ಎಂದು ಹೊರಳಿ ತೋರಿಸಿದರು. ತಮ್ಮ ಕೈ ಅಡಿಯಲ್ಲಿ ಸಿಕ್ಕಿಕೊಂಡು ಏಳಲಾಗದೆ ಮಗನಿಂದ ಎಬ್ಬಿಸಿಕೊಂಡರು. ಸೊಸೆ ನಕ್ಕು, ಉಂಡು, ಮಗುವಿನ ಪಕ್ಕ ಹೋಗಿ ಒರಗಿದಳು. ದಿಂಬಿಗೆ ತಲೆ ತಾಗಿದ್ದಷ್ಟೇ ಗೊತ್ತು.

ಕಣ್ಣು ಬಿಟ್ಟಾಗ ಕಿಟಕಿಯ ತುಂಬ ಬೆಳಗು. ಬಾಗಿಲಾಚೆ ಜಗಳ ನಡೆದಿತ್ತು.

"ಏಳೂಕಾಲು ಆಯ್ತು ಕಣೇ, ಎಬ್ಬಿಸು ಅವಳನ್ನ."

"ಮಲಗಲಿ ಬಿಡ್ರೀ, ಪಾಪ. ನಿಮ್ಮ ಗಡಿಯಾರಕ್ಕಿಷ್ಟು ಬೆಂಕಿ ಹಾಕ."

ಪಕ್ಕದಲ್ಲಿ ಏನೋ ಉಸಿರುಗರೆದಂತಾಯಿತು. ಸೊಸೆ ತಿರುಗಿದಳು. ಬಟಾಣಿ ಬೋರಲಾಗಿತ್ತು. ಎರಡೂ ಮುಂಗೈ ಹಾಸಿಗೆಗೆ ಊರಿ, ಕತ್ತು ನೆಟ್ಟಗೆ ಎತ್ತಿ, ಗಲ್ಲದಿಂದ ಜೊಲ್ಲು ಇಳಿಯುತ್ತಿದ್ದರೂ ಲೆಕ್ಕಿಸದೆ, ಅವಳ ಮುಖವನ್ನೇ ನೋಡುತ್ತಿತ್ತು. ಎಷ್ಟು ಹೊತ್ತಿನಿಂದ ಹಾಗೆ ಕಾಯುತ್ತಿತ್ತೋ, ಅಮ್ಮ ಏಳಲಿ ಎಂದು.

ಸೊಸೆ ಅಲುಗಲಿಲ್ಲ, ಯಾರನ್ನೂ ಕೂಗಲಿಲ್ಲ. ತಾಯಿ ಮಗಳು ಒಬ್ಬರನ್ನೊಬ್ಬರು ನೋಡುತ್ತ ಮಲಗಿದ್ದರು. ಆಮೇಲೆ ಬಟಾಣಿಯೇ ತಡೆಯಲಾರದೆ ಕಿಲಕಿಲ ನಕ್ಕುಬಿಟ್ಟಿತು. ಜಗಳ ನಿಂತಿತು, ಬಾಗಿಲು ತೆರೆಯಿತು, ಮನೆಮಂದಿಯೆಲ್ಲ ಒಳಗೆ ನುಗ್ಗಿದರು.